ಮೂರನೆಯ ಸಾಲಿನ ಮನೆ

ಅಂಚೆ ಪೆಟ್ಟಿಗೆ 316, ಅರೋಯೊ ಗ್ರಾಂಡೆ
ಶನಿವಾರ, 9 ಮಾರ್ಚ್ 2019

ಪ್ರಿಯ ಸೆರಾಫಿಂ ಅವರಿಗೆ, ದಿಯೊಲಿಂಡಳ ನೆನಪುಗಳು.

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರಿ ಎಂದು ಇಲ್ಡಾ ಹೇಳುತ್ತಾಳೆ. ಆದರೆ ಅವಳು ನಿಮ್ಮ ಮಗಳು. ಕೆಟ್ಟ ಸುದ್ದಿಯನ್ನು ಮುಂದಕ್ಕೆ ಹಾಕುವ ವಿದ್ಯೆಯನ್ನು ನಿಮ್ಮಿಂದಲೇ ಕಲಿತವಳು. ಬೆಳಗ್ಗೆ ಎರಡು ಗಂಟೆಗೆ ಎದ್ದು ಹಾಲು ಕರೆದ ಮೊಣಕಾಲುಗಳು ಈಗ ಹೇಗಿವೆಯೋ, ನೀವೇ ಬರೆದರೆ ನಂಬುತ್ತೇನೆ.

ಹನ್ನೆರಡು ವರ್ಷಗಳಲ್ಲಿ ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಗಾಬರಿಯಾಗಬೇಡಿ. ನೀವು ಕಳಿಸಿದ ದಪ್ಪ ಲಕೋಟೆ ಸೋಮವಾರವೇ ತಲುಪಿತು. ಜೊತೆಗೆ ಮಗಳ ಬಾಯಲ್ಲಿ ನಿಮ್ಮ ಅಪ್ಪಣೆಯೂ ಬಂತು: "ನಿಮ್ಮಮ್ಮಂಗೆ ಹೇಳು, ಹಳದಿ ಚೀಟಿ ಇರೋ ಕಡೆ ಸಹಿ ಹಾಕ್ಲಿ, ಅಷ್ಟೇ. ಬೇರೆ ಏನೂ ಯೋಚ್ನೆ ಮಾಡೋದು ಬೇಡ." ಬೇರೆ ಏನೂ ಯೋಚನೆ ಮಾಡದೆ ಸಹಿ ಹಾಕಿ ನನಗೆ ಏನಾಯಿತು ಎಂಬುದು ನಮ್ಮಿಬ್ಬರಿಗೂ ಗೊತ್ತು. ಹಾಗಾಗಿ ಲಕೋಟೆಯನ್ನು ಮೂರು ದಿನ ಫ್ರಿಜ್ಜಿನ ಮೇಲೆ ಇಟ್ಟಿದ್ದೆ.

ನಿಜ ಹೇಳಿಬಿಡುತ್ತೇನೆ, ಆ ಮೂರು ದಿನ ನನಗೆ ಸುಖವಾಗಿತ್ತು. ಟುಲೇರಿಯ ನಿಮ್ಮ ಇಪ್ಪತ್ತನಾಲ್ಕು ಮನೆಗಳ ಕಟ್ಟಡ ಜನವರಿ ಇಪ್ಪತ್ತೊಂಬತ್ತಕ್ಕೆ ಮಾರಾಟವಾಗಿದೆ. "ನಿಮ್ಮ" ಎಂದು ಬರೆದೆ, ಕಾಗದದ ಮೇಲೆ ಅದು ನಮ್ಮದು. ಮುಂದಿನ ಆಸ್ತಿ ಕೊಳ್ಳುವವರೆಗೆ ದುಡ್ಡು ಫ್ರೆಸ್ನೊದ ಮಧ್ಯಸ್ಥೆಯ ಹತ್ತಿರ ಇದೆ. ನಿಮ್ಮ ಕೈ ಅದಕ್ಕೆ ಸೋಕುವಂತಿಲ್ಲ, ಸೋಕಿದರೆ ಸರ್ಕಾರದ ಕೈಯೂ ಸೋಕುತ್ತದೆ. ನಲವತ್ತೈದು ದಿನದೊಳಗೆ, ಮುಂದೆ ಯಾವ ಆಸ್ತಿ ಕೊಳ್ಳುತ್ತೇವೆ ಎಂದು ಹೆಚ್ಚೆಂದರೆ ಮೂರು ಹೆಸರು ಬರೆದು ಇಬ್ಬರೂ ಸಹಿ ಹಾಕಿ ಕೊಡಬೇಕು. ಆ ನಲವತ್ತೈದನೆಯ ದಿನ ಬರುವ ಶುಕ್ರವಾರ. ನಾನು ಸುಮ್ಮನೆ ಕೂತರೆ ಸಾಕು, ನಲವತ್ತು ವರ್ಷ ನೀವು ತಪ್ಪಿಸಿಕೊಂಡು ಬಂದ ತೆರಿಗೆಯೆಲ್ಲ ಒಂದೇ ದಿನ ಬಾಗಿಲು ತಟ್ಟುತ್ತದೆ. ನಿಮ್ಮ ಜುಟ್ಟು ನನ್ನ ಕೈಯಲ್ಲಿ ಸಿಕ್ಕಿದ್ದು ಮದುವೆಯಾದ ಮೇಲೆ ಇದೇ ಮೊದಲು. ಮೂರು ದಿನ ಹಾಲು ಕಾಯಿಸುತ್ತಾ ಫ್ರಿಜ್ಜಿನ ಮೇಲೆ ನೋಡಿದಾಗಲೆಲ್ಲ ನನಗೆ ನಗು ಬರುತ್ತಿತ್ತು.

ನಾಲ್ಕನೆಯ ದಿನ ಲಕೋಟೆ ಒಡೆದೆ. ಕನ್ನಡಕ ಹಾಕಿಕೊಂಡು, ಮೊದಲನೆಯ ಹಾಳೆಯಿಂದ ಕೊನೆಯ ಹಾಳೆಯವರೆಗೆ, ಒಂದೂ ಸಾಲು ಬಿಡದೆ ಓದಿದೆ. ನಿಮ್ಮ ಕಾಗದಪತ್ರಗಳನ್ನು ನಾನು ಓದಿದ್ದೂ ಜೀವನದಲ್ಲಿ ಅದೇ ಮೊದಲು. ಅದರಲ್ಲಿ ಏನು ಕಂಡೆ ಎಂದು ಹೇಳುವ ಮುಂಚೆ ಕೆಲವು ಹಳೆಯ ಮಾತು ಆಡಬೇಕು. ಹಳೆಯ ಮಾತು ನಿಮಗೆ ಆಗುವುದಿಲ್ಲ, ಗೊತ್ತು. ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದು ಕೂತು ಓದಿ.

ನಮ್ಮ ಮೊದಲ ಆಸ್ತಿ ನೆನಪಿದೆಯೇ? ಸಾವಿರದ ಒಂಬೈನೂರ ಎಪ್ಪತ್ತೆಂಟು. ಚಿಕ್ಕಪ್ಪನ ಕೊಟ್ಟಿಗೆಯಲ್ಲಿ ಏಳು ವರ್ಷ ದುಡಿದು, ನಾನು ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಪೀಚ್ ಸುಲಿದು, ಒಂದು ಗೋಡೆಗೆ ಎರಡು ಸಂಸಾರ ಇರುವಂಥ ಪುಟ್ಟ ಮನೆ ಕೊಂಡೆವು. ಒಂದರಲ್ಲಿ ನಾವಿರೋಣ, ಇನ್ನೊಂದನ್ನು ಬಾಡಿಗೆಗೆ ಕೊಡೋಣ ಎಂದೆ. ನೀವು ಎರಡನ್ನೂ ಬಾಡಿಗೆಗೆ ಕೊಟ್ಟು ನನ್ನನ್ನು ಬೇರೆಯವರ ಹಿತ್ತಲ ಮನೆಗೆ ಕರೆದುಕೊಂಡು ಹೋದಿರಿ. "ನಾವು ಇರೋ ಮನೆ ಅಂದ್ರೆ ಬತ್ತಿದ ಹಸು ಕಣೇ. ಹುಲ್ಲು ತಿನ್ನುತ್ತೆ, ಹಾಲು ಕೊಡಲ್ಲ" ಅಂದಿರಿ. ಆಗ ನನಗೆ ಆ ಮಾತು ಬಹಳ ಜಾಣತನದ್ದು ಅನಿಸಿತ್ತು. ನಾವು ಬಿಟ್ಟು ಬಂದ ಟೆರ್ಸೇರಾ ದ್ವೀಪದಲ್ಲಿ ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವರು, ಅಮೆರಿಕದ ಕಾನೂನನ್ನು ಕೊಟ್ಟಿಗೆಯ ಭಾಷೆಯಲ್ಲಿ ಹೇಳುತ್ತೀರಲ್ಲ ಎಂದು ಹೆಮ್ಮೆಪಟ್ಟಿದ್ದೆ.

ಆಮೇಲೆ ಶುರುವಾಯಿತು ನಿಮ್ಮ ಅದಲು ಬದಲು. ಆ ಜೋಡಿಮನೆ ಕೊಟ್ಟು ನಾಲ್ಕು ಮನೆಯ ಕಟ್ಟಡ, ಅದನ್ನು ಕೊಟ್ಟು ಬಟ್ಟೆ ಒಗೆಯುವ ಅಂಗಡಿಯ ಜಾಗ, ಅದನ್ನು ಕೊಟ್ಟು ಅಕ್ರೋಟು ತೋಟ. ಪ್ರತಿ ಸಲವೂ ಲಾಭ. ಪ್ರತಿ ಸಲವೂ ಒಂದು ಆಸ್ತಿಯ ದುಡ್ಡು ನಮ್ಮ ಕೈಗೆ ಬರದೆ ನೇರವಾಗಿ ಇನ್ನೊಂದು ಆಸ್ತಿಯೊಳಗೆ ಹೋಗುತ್ತಿತ್ತು, ತೆರಿಗೆ ಮುಂದಿನ ಸಲಕ್ಕೆ ಹೋಗುತ್ತಿತ್ತು. ಊರಿನ ಸಭಾಂಗಣದಲ್ಲಿ ಹಬ್ಬದ ರೊಟ್ಟಿ-ಸಾರಿನ ಸೋಪಾಸ್ ಊಟಕ್ಕೆ ಕೂತಾಗ ನೀವು ಎಲ್ಲರ ಮುಂದೆ ಹೇಳುತ್ತಿದ್ದಿರಿ: "ಸಾಯೋವರೆಗೂ ಬದಲಾಯಿಸ್ತಾ ಇರಬೇಕು. ಸತ್ತ ದಿನ ಹಳೇ ಬಾಕಿ ಎಲ್ಲಾ ಮಾಫಿ. ಬಂದ ಅಧಿಕಾರಿ ಒಂದು ಬಟ್ಟಲು ಸೋಪಾಸ್ ಕುಡಿದು ಬರಿಗೈಲಿ ಹೋಗ್ಲಿ!" ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆದರೆ ಮನೆಗೆ ಬಂದರೆ ನಮ್ಮದು ಬಾಡಿಗೆ ಮನೆ. ಮೂವತ್ತಾರು ವರ್ಷದಲ್ಲಿ ಏಳು ಬಾಡಿಗೆ ಮನೆ. ಏಳರಲ್ಲೂ ಮಾಲೀಕರ ಮೊದಲ ಷರತ್ತು ಒಂದೇ, ಗೋಡೆಗೆ ಮೊಳೆ ಹೊಡೆಯಬಾರದು. ನಮ್ಮ ಮದುವೆಯ ಫೋಟೋ ಒಂದು ದಿನವೂ ಗೋಡೆ ಏರಲಿಲ್ಲ. ಕಪಾಟಿನ ಮೇಲೆ ಗೋಡೆಗೆ ಒರಗಿಕೊಂಡೇ ನಿಂತಿರುತ್ತಿತ್ತು. ಕಸ ಗುಡಿಸುವಾಗ ಕೆಳಗೆ ಬಿದ್ದು ಎರಡು ಸಲ ಗಾಜು ಒಡೆದಿದೆ. ಇಪ್ಪತ್ತು ಸಂಸಾರಗಳಿಗೆ ಮನೆ ಕೊಟ್ಟ ಮನುಷ್ಯನ ಹೆಂಡತಿ ಒಂದು ಮೊಳೆಗೆ ಬೇರೆಯವರ ಅಪ್ಪಣೆ ಕೇಳಬೇಕಿತ್ತು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಸರಿ, ದೂರಾಗಿಯೇ ಹೇಳುತ್ತಿದ್ದೇನೆ.

ಪಿಸ್ಮೊದ ಮನೆಯ ವಿಷಯಕ್ಕೆ ಬರುತ್ತೇನೆ. ತೋಟದ ಒಂದು ಭಾಗ ಮಾರಿದಾಗ ನಾನು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಎರಡು ಕೋಣೆ, ನೀಲಿ ಬಾಗಿಲು, ಅಡುಗೆಮನೆಯ ಕಿಟಕಿಯಲ್ಲಿ ಕತ್ತು ಓರೆ ಮಾಡಿದರೆ ಬೆರಳಗಲ ಸಮುದ್ರ. ಟುಲೇರಿಯ ಚಳಿಗಾಲದ ಮಂಜಿನಲ್ಲಿ ಎದುರುಮನೆಯೇ ಕಾಣದ ನನಗೆ ಆ ಬೆರಳಗಲವೇ ಸಾಕಾಗಿತ್ತು. ನೀವು ಕೊಂಡಿರಿ. "ಎರಡೇ ವರ್ಷ ತಡ್ಕೋ. ಎರಡು ವರ್ಷ ಬಾಡಿಗೆಗೆ ಕೊಡದೇ ಇದ್ರೆ ಕಾನೂನು ಒಪ್ಪಲ್ಲ. ಆಮೇಲೆ ಗಂಟುಮೂಟೆ ಕಟ್ಟು" ಅಂದಿರಿ. ನಾನು ನಂಬಿದೆ. ಬಾಡಿಗೆದಾರರು ಬದಲಾಗುವ ವಾರ ಹೋಗಿ ನೆಲ ತೊಳೆದು ಬರುತ್ತಿದ್ದೆ. ಒಂದು ಸಲ ಹಿತ್ತಲಲ್ಲಿ ನಿಂಬೆ ಗಿಡವನ್ನೂ ನೆಟ್ಟೆ. ಎರಡು ವರ್ಷ ಮೂರಾಯಿತು, ಮೂರು ನಾಲ್ಕಾಯಿತು.

ಎರಡು ಸಾವಿರದ ಏಳನೆಯ ಇಸವಿಯ ಆ ಬೆಳಗ್ಗೆ ನಾನು ಹಬ್ಬದ ಸಿಹಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ನೀವು ಕಾಗದದ ಕಟ್ಟು ತಂದು ಮೇಜಿನ ಮೇಲೆ ಹರಡಿದಿರಿ. ಯಾವಾಗಲೂ ಹಾಗೆಯೇ ಅಲ್ಲವೇ? ಸಹಿ ಬೇಕಾದ ಕಡೆಯೆಲ್ಲ ಹಳದಿ ಚೀಟಿ. ನಾನು ಬಲಗೈ ಮಾತ್ರ ಒರೆಸಿಕೊಂಡು ಆರು ಕಡೆ ಸಹಿ ಹಾಕಿದೆ. "ಏನಿದು?" ಎಂದು ಕೇಳಿದ ನೆನಪೂ ಇಲ್ಲ. ಕೇಳಿದ್ದರೆ ನೀವು ಸುಳ್ಳು ಹೇಳುತ್ತಿರಲಿಲ್ಲ ಎಂಬುದು ನನಗೆ ಗೊತ್ತು. ನೀವು ಸುಳ್ಳುಗಾರರಲ್ಲ. ಕೇಳದೇ ಇದ್ದರೆ ಹೇಳುವವರೂ ಅಲ್ಲ.

ನಾಲ್ಕು ವಾರ ಕಳೆದು ನಿಂಬೆ ಗಿಡಕ್ಕೆ ಗೊಬ್ಬರ ಹಾಕಲು ಹೋದೆ. ಅಂಗಳದಲ್ಲಿ ಯಾರೋ ಎತ್ತರದ ಗಂಡಸು ಬೇಲಿಗೆ ಬಣ್ಣ ಹಚ್ಚುತ್ತಿದ್ದರು. ಬೇಕರ್ಸ್‌ಫೀಲ್ಡಿನ ದಂತವೈದ್ಯರಂತೆ. "ಮೂರು ವಾರ ಆಯ್ತಮ್ಮ ನಾವು ಈ ಮನೆ ತಗೊಂಡು. ನೀವ್ಯಾರು?" ಎಂದು ಕೇಳಿದರು. ನನ್ನ ಕೈಯಲ್ಲಿ ಗೊಬ್ಬರದ ಚೀಲ. ದಾರಿ ತಪ್ಪಿ ಬಂದೆ ಎಂದು ಹೇಳಿ, ಒಂದು ಲೋಟ ನೀರು ಕೇಳಿ ಕುಡಿದು, ಚೀಲವನ್ನು ಅಲ್ಲೇ ಬಿಟ್ಟು ಬಂದೆ.

ಆ ಸಂಜೆ ನೀವು ಹೇಳಿದ ಎರಡು ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. ಮೊದಲನೆಯದು: "ಸಹಿ ಹಾಕಿದ್ದು ನೀನೇ ಅಲ್ವೇನೇ?" ಎರಡನೆಯದು: "ರೇಟು ಎಲ್ಲಿಗೆ ಹೋಗಿತ್ತು ಗೊತ್ತಾ? ಇನ್ನಾರು ತಿಂಗಳು ಬಿಟ್ಟಿದ್ರೆ ನೆಲ ಕಚ್ಚಿರೋದು." ಸೆರಾಫಿಂ, ಎರಡೂ ನಿಜ. ಮರುವರ್ಷ ಇಡೀ ಕ್ಯಾಲಿಫೋರ್ನಿಯದಲ್ಲಿ ಮನೆಗಳ ಬೆಲೆ ಮಣ್ಣುಪಾಲಾಯಿತು. ಕೊಟ್ಟಿಗೆ ಇದ್ದವರು ಕೊಟ್ಟಿಗೆ ಕಳೆದುಕೊಂಡರು, ನೀವೊಬ್ಬರು ಆ ಮನೆ, ತೋಟ ಎರಡನ್ನೂ ಕೊಟ್ಟು ಇಪ್ಪತ್ತನಾಲ್ಕು ಮನೆಯ ಒಡೆಯರಾಗಿ ನಿಂತಿರಿ. ನೀವು ಸರಿಯಾಗಿಯೇ ಇದ್ದಿರಿ, ಅದೇ ನನಗೆ ತಡೆಯಲಾಗದೇ ಹೋಯಿತು. ತಪ್ಪು ಮಾಡುವ ಗಂಡನ ಜೊತೆ ಜಗಳವಾಡಿಕೊಂಡು ಬದುಕಬಹುದು, ಯಾವಾಗಲೂ ಲೆಕ್ಕ ಸರಿ ಬರುವವನ ಜೊತೆ ಹೇಗೆ ಬದುಕುವುದು? ಒಂದು ಪೆಟ್ಟಿಗೆ ತೆಗೆದುಕೊಂಡು ಹೊರಟೆ.

ವಿಚ್ಛೇದನ ಕೊಡಿ ಎಂದು ಇಲ್ಡಾಳ ಕೈಲಿ ಹೇಳಿ ಕಳಿಸಿದಾಗ ನೀವು ಕಳಿಸಿದ ಉತ್ತರವನ್ನು ನನ್ನ ಗೆಳತಿಯರಿಗೆ ಹೇಳಿ ಇವತ್ತಿಗೂ ನಗಿಸುತ್ತೇನೆ. "ಈಗ ಪಾಲು ಮಾಡಿದ್ರೆ ಮಾರಬೇಕು, ಮಾರಿದ್ರೆ ತೆರಿಗೆ. ಗಂಡ ಹೆಂಡ್ತಿ ಅಂತ ಇದ್ರೆ ಯಾರು ಮೊದಲು ಹೋದ್ರೂ ಉಳಿದವರಿಗೆ ಪೂರ್ತಿ ಮಾಫಿ. ಸ್ವಲ್ಪ ತಡ್ಕೊಳೋಕೆ ಹೇಳು, ಸಾವು ವಕೀಲರಿಗಿಂತ ಅಗ್ಗ." ನಗುವ ಮಾತೇ. ಪಾದ್ರಿಗಳೂ ಒಪ್ಪಿದರು, ಅವರ ಕಾರಣ ಬೇರೆ. ಹಾಗಾಗಿ ನಾವು ಗಂಡ ಹೆಂಡತಿಯಾಗಿಯೇ ಉಳಿದೆವು, ನೂರೈವತ್ತು ಮೈಲಿ ಆಚೆ ಈಚೆ.

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ಇದನ್ನು ಪಾದ್ರಿಗಳ ಮುಂದೆಯೂ ಪೂರ್ತಿಯಾಗಿ ಹೇಳಿಲ್ಲ.

ಐದು ವರ್ಷದ ಹಿಂದೆ ನಿಮ್ಮ ಎದೆಯ ಆಪರೇಷನ್ ಆಯಿತಲ್ಲ, ನಾನು ಬರಲಿಲ್ಲ ಎಂದು ನೀವು ಮಗಳ ಹತ್ತಿರ ಒಂದೇ ಒಂದು ಸಲ ಹೇಳಿದಿರಂತೆ. ನಾನು ಹೊರಟಿದ್ದೆ. ಸುದ್ದಿ ಬಂದ ಕೂಡಲೇ ಕಾರು ತೆಗೆದೆ, ಕೆಟಲ್‌ಮನ್‌ವರೆಗೆ ಬಂದೆ. ಅಲ್ಲಿ ಪೆಟ್ರೋಲ್ ಹಾಕಿಸುತ್ತಾ ನಿಂತಾಗ ನನ್ನ ತಲೆ ತಾನಾಗಿಯೇ ಲೆಕ್ಕ ಶುರುಮಾಡಿತು. ಇವತ್ತೇನಾದರೂ ಇವರು ಹೋದರೆ ತೆರಿಗೆಯೆಲ್ಲ ಮಾಫಿ. ಕಟ್ಟಡ ಮಾರಬಹುದು, ಒಂದು ಕಾಸೂ ಕಟ್ಟಬೇಕಾಗಿಲ್ಲ, ಆ ನೀಲಿ ಬಾಗಿಲಿನ ಮನೆ ಕೊಳ್ಳಬಹುದು. ಪೆಟ್ರೋಲ್ ತುಂಬುವಷ್ಟು ಹೊತ್ತು, ಸೆರಾಫಿಂ, ನಾನು ನಿಮ್ಮ ಸಾವನ್ನು ಒಂದು ಅನುಕೂಲವಾಗಿ ನೋಡಿದೆ. ಯಂತ್ರ ನಿಂತ ಸದ್ದಿಗೆ ಎಚ್ಚರವಾಯಿತು. ಆ ಮುಖ ಹೊತ್ತುಕೊಂಡು ನಿಮ್ಮ ಹಾಸಿಗೆಯ ಪಕ್ಕ ಬಂದು ನಿಲ್ಲಲು ನನ್ನಿಂದ ಆಗಲಿಲ್ಲ. ಗಾಡಿ ತಿರುಗಿಸಿದೆ, ದಾರಿಯುದ್ದಕ್ಕೂ ಅತ್ತೆ. ಇಷ್ಟು ವರ್ಷ ನಿಮ್ಮ ಲೆಕ್ಕವನ್ನು ಬೈದುಕೊಂಡು ಬಂದವಳ ಒಳಗೂ ಅದೇ ಲೆಕ್ಕ ಮನೆ ಮಾಡಿತ್ತು.

ಇಷ್ಟು ಹೇಳಿದ ಮೇಲೆ ಈಗ ಲಕೋಟೆಯಲ್ಲಿದ್ದ ಪಟ್ಟಿಗೆ ಬರಬಹುದು.

ಪಟ್ಟಿಯ ಮೊದಲ ಸಾಲು, ವೈಸೇಲಿಯದ ಹೊರಗಿನ ದಾಸ್ತಾನು ಶೆಡ್ಡುಗಳು. ಎರಡನೆಯದು, ಓಹಾಯೋದಲ್ಲಿ ಯಾವುದೋ ಔಷಧಿ ಅಂಗಡಿಯ ಕಟ್ಟಡ. ಮೂರನೆಯ ಸಾಲು ಓದಿ ನಾನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದೆ. ಪಿಸ್ಮೊ, ನೀಲಿ ಬಾಗಿಲಿನ ಮನೆ, ಅದೇ ಬೀದಿ, ಅದೇ ನಂಬರು.

ಆಮೇಲೆ ಇನ್ನೊಂದು ನೋಡಿದೆ. ಹಳದಿ ಚೀಟಿ ಮೂರು ಇದ್ದವು. ಸಹಿ ಹಾಕುವ ಜಾಗ ಎರಡೇ. ಮೂರನೆಯ ಚೀಟಿಯನ್ನು ನೀವು ಸಹಿಯೇ ಬೇಕಿಲ್ಲದ ಕಡೆ, ಆ ಮೂರನೆಯ ಸಾಲಿನ ಪಕ್ಕದಲ್ಲಿ ಅಂಟಿಸಿದ್ದಿರಿ. ಒಂದಕ್ಷರ ಬರೆದಿರಲಿಲ್ಲ. ಬರೆಯುವುದು ನಿಮಗೆ ಯಾವತ್ತೂ ಕಷ್ಟ. ಆದರೆ ಆ ಚೀಟಿ ನನಗೆ ಅರ್ಥವಾಯಿತು. ಸಹಿ ಹಾಕು ಎಂದಲ್ಲ, ಓದು ಎಂದು ಅಂಟಿಸಿದ್ದು. ನಲವತ್ತೆಂಟು ವರ್ಷದ ದಾಂಪತ್ಯದಲ್ಲಿ ನೀವು ನನ್ನಲ್ಲಿ ಕ್ಷಮೆ ಕೇಳಿದ್ದು ಹೀಗೆ, ಬೆರಳುದ್ದದ ಹಳದಿ ಕಾಗದದಲ್ಲಿ. ಸಂತೋಷವಾಯಿತು. ಮುಚ್ಚಿಡುವುದೇಕೆ, ಬಹಳ ಸಂತೋಷವಾಯಿತು.

ಆದರೂ ಆ ಸಾಲನ್ನು ನಾನು ಹೊಡೆದು ಹಾಕಿದ್ದೇನೆ. ಕೋಪ ಮಾಡಿಕೊಳ್ಳುವ ಮುಂಚೆ ಪೂರ್ತಿ ಓದಿ.

ಗುರುವಾರ ಫ್ರೆಸ್ನೊಗೆ ಫೋನು ಮಾಡಿ ನಿಮ್ಮ ಮಧ್ಯಸ್ಥೆ ಅರಾಕ್ಸಿಯವರ ಹತ್ತಿರ ಮಾತಾಡಿದೆ. ಆರ್ಮೇನಿಯದವರ ಪೈಕಿ, ಬಾಯಿ ಜೋರು, ಮನಸ್ಸು ಒಳ್ಳೆಯದು. ನನ್ನ ಹೆಸರು ಕೇಳಿದ ಕೂಡಲೇ, "ಅಯ್ಯೋ, ನೀವು ನಿಜವಾಗ್ಲೂ ಇದ್ದೀರಾ! ನಾನು ನಿಮ್ಮ ಸಹಿ ಮಾತ್ರ ನೋಡಿದ್ದು" ಎಂದರು. ಈ ಮನೆ ಕೊಂಡರೆ ನಾವು ಯಾವಾಗ ಹೋಗಿ ಇರಬಹುದು ಎಂದು ಕೇಳಿದೆ. "ಇದನ್ನ ನಿಮ್ಮ ಆಡಿಟರ್ ಹೇಳಬೇಕು, ನಾನು ಹೇಳಬಾರದು. ಆದ್ರೂ ಕೇಳಿ ಅಮ್ಮಾ. ಅದಲು ಬದಲಲ್ಲಿ ತಗೊಂಡ ಮನೆ ಬಾಡಿಗೆಗೇ ಇರಬೇಕು. ಎರಡು ವರ್ಷನಾದ್ರೂ ಬೇರೆಯವರಿಗೆ ಕೊಡಿ. ನೀವಾಗ್ಲಿ ಯಜಮಾನರಾಗ್ಲಿ ವರ್ಷಕ್ಕೆ ಹದಿನಾಲ್ಕು ದಿನಕ್ಕಿಂತ ಜಾಸ್ತಿ ಅಲ್ಲಿ ಮಲಗಿದ್ರೆ ತಕರಾರು" ಎಂದರು. ಹಾಗಾದರೆ ಬಾಡಿಗೆ ಕೊಟ್ಟುಕೊಂಡು ನಾನೇ ಇರುತ್ತೇನೆ ಎಂದೆ. ನಕ್ಕರು. "ನಿಮ್ಮ ಮನೆಗೆ ನೀವೇ ಬಾಡಿಗೆ ಕೊಟ್ರೆ ಯಾರು ಒಪ್ತಾರಮ್ಮಾ? ಅದು ಎಡಗೈಯಿಂದ ಬಲಗೈಗೆ."

ಮತ್ತೆ ಎರಡು ವರ್ಷ. ನನಗೆ ಎಪ್ಪತ್ತು, ನಿಮಗೆ ಎಪ್ಪತ್ತೇಳು.

ಇನ್ನೊಂದು ತೊಡಕೂ ಇದೆ. ಆ ಮನೆ ಖಾಲಿ ಇಲ್ಲ. ನೀವು ಕಳಿಸಿದ ಹಾಳೆಯಲ್ಲೇ ಬರೆದಿದೆ, ನೋಡಿ: ಬಾಡಿಗೆದಾರರು ಒಬ್ಬರು, ಹನ್ನೊಂದು ವರ್ಷದಿಂದ ಇದ್ದಾರೆ, ಒಂದು ತಿಂಗಳೂ ಬಾಡಿಗೆ ತಪ್ಪಿಲ್ಲ. ಆ ಬಾಡಿಗೆದಾರಳನ್ನು ನಾನು ಬಲ್ಲೆ. ವಯಸ್ಸಾದ ಹೆಂಗಸು, ಒಬ್ಬಳೇ ಇದ್ದಾಳೆ. ಬೇಕರಿಯಲ್ಲಿ ಬೆಳಗಿನ ಪಾಳಿ ಮಾಡುತ್ತಾಳೆ. ಸೋಮಾರಿಯಲ್ಲ, ಸ್ವಲ್ಪ ಜಂಬ ಇದೆ. ಹಿತ್ತಲ ನಿಂಬೆ ಮರ ಈಗ ಸೂರಿಗಿಂತ ಎತ್ತರವಾಗಿದೆ, ಅಕ್ಕಪಕ್ಕದವರಿಗೆಲ್ಲ ಅವಳೇ ಹಣ್ಣು ಹಂಚುತ್ತಾಳೆ. ನಿಮ್ಮ ಅದಲು ಬದಲಿನಲ್ಲಿ ಆ ಮನೆ ನಮ್ಮದಾದರೆ ಅವಳು ಖಾಲಿ ಮಾಡಬೇಕಾಗುತ್ತದೆ. ಯಾಕೆ ಎಂದು ಈಗ ಕೇಳಬೇಡಿ. ಕಾನೂನಿನ ಪ್ರಕಾರ ಅವಳು ಅಲ್ಲಿ ಇರುವಂತಿಲ್ಲ, ಅರಾಕ್ಸಿಯವರನ್ನು ಎರಡೆರಡು ಸಲ ಕೇಳಿ ತಿಳಿದುಕೊಂಡಿದ್ದೇನೆ. ನೀವು ಕೊಡಲು ಹೊರಟ ಉಡುಗೊರೆ ಒಬ್ಬಳನ್ನು ಬೀದಿಗೆ ಹಾಕುವಂಥದ್ದು ಎಂದು ನಿಮಗೆ ಗೊತ್ತಿರಲಿಲ್ಲ. ನಿಮ್ಮದು ತಪ್ಪಲ್ಲ. ನಲವತ್ತು ವರ್ಷ ಒಂದೇ ಬಾಗಿಲಿಂದ ಓಡಾಡಿದವರಿಗೆ ಮನೆಗೆ ಇನ್ನೊಂದು ಬಾಗಿಲು ಇರುವುದು ಮರೆತುಹೋಗುತ್ತದೆ.

ಆ ಇನ್ನೊಂದು ಬಾಗಿಲು ಎಂದರೆ, ತೆರಿಗೆ ಕಟ್ಟಿಬಿಡುವುದು.

ಕುರ್ಚಿ ಬಿಟ್ಟು ಎದ್ದಿರಿ ಅಲ್ಲವೇ? ಕೂತುಕೊಳ್ಳಿ. ಪೂರ್ತಿ ಕಟ್ಟಿ ಎನ್ನುತ್ತಿಲ್ಲ. ಮೊದಲ ಸಾಲಿನ ಶೆಡ್ಡುಗಳನ್ನು ಹಾಗೇ ಬಿಟ್ಟಿದ್ದೇನೆ. ನೀವು ಬೆಳಗ್ಗೆ ಎದ್ದು ಹೋಗಿ ಬೀಗ ಎಣಿಸಲು ಏನಾದರೂ ಬೇಕಲ್ಲ. ಓಹಾಯೋ ಹೊಡೆದಿದ್ದೇನೆ. ನಾವಿಬ್ಬರೂ ನೋಡದ ಊರಿನಲ್ಲಿ, ನಮಗೆ ಗೊತ್ತಿಲ್ಲದವರು ನುಂಗುವ ಮಾತ್ರೆಯ ಅಂಗಡಿ ನಮಗೇಕೆ? ಮೂರನೆಯದನ್ನೂ ಹೊಡೆದಿದ್ದೇನೆ. ಪಟ್ಟಿಯಲ್ಲಿ ಉಳಿದ ಒಂದನ್ನು ಕೊಂಡು ಮುಗಿಸಿದ ಮೇಲೆ ಮಿಕ್ಕ ದುಡ್ಡು ನಮ್ಮ ಕೈಗೆ ಬರುತ್ತದಂತೆ. ಅದರಲ್ಲಿ ಮೂರರಲ್ಲಿ ಒಂದು ಪಾಲು ತೆರಿಗೆಗೆ ಹೋಗುತ್ತದಂತೆ. ಹೋಗಲಿ. ಉಳಿದ ಎರಡು ಪಾಲಿನಲ್ಲಿ ಆ ಮನೆ ಬರುತ್ತದೆ. ಅದಲು ಬದಲಿನ ಲೆಕ್ಕದಲ್ಲಿ ಅಲ್ಲ, ಅಂಗಡಿಯಲ್ಲಿ ರೊಟ್ಟಿ ಕೊಂಡ ಹಾಗೆ ನೇರವಾಗಿ. ಆಗ ಯಾರೂ ಖಾಲಿ ಮಾಡಬೇಕಾಗಿಲ್ಲ, ಯಾರೂ ಎರಡು ವರ್ಷ ಕಾಯಬೇಕಾಗಿಲ್ಲ, ಯಾವ ದಿನ ಬೇಕಾದರೂ ಹೋಗಿ ಎಷ್ಟು ದಿನ ಬೇಕಾದರೂ ಮಲಗಬಹುದು. ದಂತವೈದ್ಯರು ತೀರಿಕೊಂಡು ಒಂದು ವರ್ಷವಾಯಿತು. ಅವರ ಹೆಂಡತಿ ಬೇಸಗೆಯವರೆಗೆ ಕಾಯಲು ಒಪ್ಪಿದ್ದಾರೆ. ಹೇಗೆ ಒಪ್ಪಿದರು ಎಂಬುದನ್ನು ಆಮೇಲೆ ಹೇಳುತ್ತೇನೆ.

ನೀವು ಹೇಳುವುದು ನನಗೆ ಈಗಲೇ ಕೇಳಿಸುತ್ತಿದೆ. "ಹಾಲು ಕೊಡೋ ಹಸುನ ಯಾರಾದ್ರೂ ಕಡೀತಾರೇನೇ? ಇನ್ನೆಷ್ಟು ವರ್ಷ, ನಾನು ಹೋದ್ರೆ ಎಲ್ಲಾ ಮಾಫಿ ತಾನೆ?" ಅದೇ ನನಗೆ ಬೇಡವಾಗಿರುವುದು. ನಿಮ್ಮ ಸಾವಿಗೆ ಕಾಯುತ್ತಾ ಕೂರುವ ಕೆಲಸ ನನಗೆ ಬೇಡ, ಅದರಲ್ಲಿ ಎಷ್ಟೇ ಉಳಿತಾಯವಿದ್ದರೂ ಬೇಡ. ಕೆಟಲ್‌ಮನ್‌ನ ಪೆಟ್ರೋಲ್ ಬಂಕಿನಲ್ಲಿ ಒಂದು ಸಲ ಅದರ ರುಚಿ ನೋಡಿದ್ದೇನೆ. ಆ ಮೂರರಲ್ಲಿ ಒಂದು ಪಾಲನ್ನು ಸರ್ಕಾರಕ್ಕೆ ಕೊಟ್ಟು, ನೀವು ಬದುಕಿರಲಿ ಎಂದು ಮನಸ್ಸು ಬಿಚ್ಚಿ ಬೇಡಿಕೊಳ್ಳುವ ಹಕ್ಕು ಕೊಂಡುಕೊಳ್ಳುತ್ತೇನೆ. ನನಗೆ ಅದು ಅಗ್ಗವೆಂದೇ ಕಾಣುತ್ತದೆ.

ತಿದ್ದಿದ ಪಟ್ಟಿ ಇದರ ಜೊತೆಗಿದೆ. ನಾನು ಸಹಿ ಹಾಕಿದ್ದೇನೆ. ನೀವೂ ಹಾಕಿ ಶುಕ್ರವಾರದೊಳಗೆ ಫ್ರೆಸ್ನೊಗೆ ಮುಟ್ಟಿಸಬೇಕು. ಹಾಕದೇ ಇದ್ದರೆ ಎಲ್ಲದರ ಮೇಲೂ ತೆರಿಗೆ ಬರುತ್ತದೆ, ಆಗ ನನ್ನ ಅರ್ಧದಲ್ಲೂ ನಾನು ಆ ಮನೆ ಕೊಳ್ಳಬಲ್ಲೆ. ಹೆದರಿಸುತ್ತಿಲ್ಲ, ಲೆಕ್ಕ ನನಗೂ ಬರುತ್ತದೆ ಎಂದು ಹೇಳುತ್ತಿದ್ದೇನೆ. ನಿಮ್ಮ ಹಳದಿ ಚೀಟಿಯನ್ನೇ ಕಿತ್ತು ನೀವು ಸಹಿ ಹಾಕುವ ಜಾಗಕ್ಕೆ ಅಂಟಿಸಿದ್ದೇನೆ. ಅಂಟು ಸ್ವಲ್ಪ ಕಡಿಮೆಯಾಗಿದೆ, ಬಿದ್ದರೆ ಹುಡುಕಿಕೊಳ್ಳಿ.

ಒಂದೇ ಬೇಡಿಕೆ. ಓದದೆ ಸಹಿ ಹಾಕಬೇಡಿ.

ಇಂತಿ,
ಇನ್ನೂ ನಿಮ್ಮ ಹೆಂಡತಿಯೇ ಆಗಿರುವ
ದಿಯೊಲಿಂಡ

ತಾ.ಕ.: ನಾನು ಎಲ್ಲಿರುತ್ತೇನೆ ಎಂದು ಮಗಳನ್ನು ನೀವು ಪ್ರತಿ ಕ್ರಿಸ್ಮಸ್ಸಿಗೂ ಕೇಳುತ್ತಿದ್ದಿರಂತೆ. ಅವಳನ್ನು ಬೈಯಬೇಡಿ, ಹೇಳಬಾರದೆಂದು ಆಣೆ ಹಾಕಿಸಿದವಳು ನಾನು. ಅಂಚೆ ಪೆಟ್ಟಿಗೆ ಬರೀ ಪಕ್ಕದ ಊರಿನದು. ನಿಜವಾದ ವಿಳಾಸ ನಿಮ್ಮ ಹತ್ತಿರವೇ ಇದೆ, ನಿಮ್ಮ ಪಟ್ಟಿಯ ಮೂರನೆಯ ಸಾಲು. ನಿಮ್ಮನ್ನು ಬಿಟ್ಟು ಬಂದ ಮರುವರ್ಷ ಆ ದಂತವೈದ್ಯರು ಬಾಡಿಗೆ ಬೋರ್ಡು ಹಾಕಿದ್ದರು. ಬಿಟ್ಟು ಹೋದ ಗೊಬ್ಬರದ ಚೀಲ ಇದೆಯೇ ಎಂದು ಕೇಳುವ ನೆಪದಲ್ಲಿ ಹೋಗಿದ್ದೆ, ಇತ್ತು. ಅವರ ಹೆಂಡತಿ ಬೇಸಗೆಯವರೆಗೆ ಕಾಯಲು ಒಪ್ಪಿದ್ದೂ ಹನ್ನೊಂದು ವರ್ಷದ ಈ ಬಾಡಿಗೆದಾರಳ ಮಾತಿಗೆ. ಮದುವೆಯ ಫೋಟೋ ಕಳೆದುಹೋಗಿದೆ ಎಂದುಕೊಂಡಿದ್ದೀರಿ. ನಾನು ತಂದ ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಇದ್ದದ್ದು ಅದೊಂದೇ. ಈಗಲೂ ಕಪಾಟಿನ ಮೇಲೆ ಗೋಡೆಗೆ ಒರಗಿಕೊಂಡೇ ನಿಂತಿದೆ. ಮನೆ ನಮ್ಮದಾದ ದಿನ ಬನ್ನಿ, ಸೋಪಾಸ್ ಮಾಡಿರುತ್ತೇನೆ. ಬರುವಾಗ ಸುತ್ತಿಗೆ ತನ್ನಿ, ನನ್ನ ಹತ್ತಿರ ಇಲ್ಲ. ಮೊಳೆ ಆಗಲೇ ತಂದಿಟ್ಟಿದ್ದೇನೆ.